ಕಾರು ನಮ್ಮದು, ತೆರಿಗೆ ನಮ್ಮದು. ಓಡಿಸಬೇಡಿ ಅನ್ನೋಕೆ ನಗರಾಡಳಿತ ಯಾರು?

ನಾಲ್ಕುಚಕ್ರ
ಸುಮ್ನೆ ಜಗಳ ತೆಗೆಯೋಕೆ ಕೇಳ್ತಿಲ್ಲ. ನಿಜಕ್ಕೂ ಅರ್ಥವಾಗದೆ ಕೇಳುತ್ತಿದ್ದೇನೆ. ಕಾರು ಕೊಳ್ಳುವಾಗ ತೆರಿಗೆ ಕಟ್ಟುತ್ತೇವೆ. ನೋಂದಣಿಗೆ ಕಟ್ಟುತ್ತೇವೆ. ಪೆಟ್ರೋಲ್ ಹಾಕಿಸಿದಾಗಲೆಲ್ಲ ಕಟ್ಟುತ್ತೇವೆ. ವಿಮೆ ಬೇರೆ. ಇಷ್ಟೆಲ್ಲ ಆದಮೇಲೆ ನಗರದೊಳಗೆ ಬಂದರೆ ಇನ್ನೊಂದು ಶುಲ್ಕ. ಇಲ್ಲವೇ ಇವತ್ತು ನಿನ್ನ ನಂಬರಿನ ಸರದಿ ಅಲ್ಲ, ಮನೇಲಿರು ಅಂತ ಆಜ್ಞೆ. ಕೆಲವು ಕಡೆಯಂತೂ ಕಾರು ಕೊಳ್ಳೋಕೇ ಲಾಟರಿ!

ರಸ್ತೆ ಸಾಲದಿದ್ದರೆ ರಸ್ತೆ ಮಾಡಿ. ಬಸ್ಸು ಸಾಲದಿದ್ದರೆ ಬಸ್ಸು ಬಿಡಿ. ಅದು ಬಿಟ್ಟು ಕಾರಿನವನ ಬೆನ್ನು ಹತ್ತೋದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಲ್ವಾ? ದುಡ್ಡು ಮಾಡೋ ಆಸೆ ಬಿಟ್ಟು ಬೇರೆ ಕಾರಣ ಇದ್ದರೆ ಹೇಳಿ.

ಬಿಸಿಲುಕುದುರೆ
ದುಡ್ಡೇ. ಬೇರೇನಿಲ್ಲ. ಚರ್ಚೆ ಮುಗೀತು.

ಲೆಕ್ಕದಮೇಷ್ಟ್ರು
ಮುಗೀಲಿಲ್ಲ, ಕೂತ್ಕೊಳ್ಳಿ.

ದುಡ್ಡಿನ ಲೆಕ್ಕಕ್ಕೆ ಮೊದಲು ಜಾಗದ ಲೆಕ್ಕ ನೋಡೋಣ. ಒಂದು ಕಾರು ಸುಮ್ನೆ ನಿಲ್ಲೋಕೆ ಸುಮಾರು 12 ಚದರ ಮೀಟರ್ ಬೇಕು. ಮನೆ ಹತ್ತಿರ ಒಂದು ಜಾಗ, ಕೆಲಸದ ಹತ್ತಿರ ಒಂದು, ಅಂಗಡಿ ಮುಂದೆ ಇನ್ನೊಂದು. ಓಡುವಾಗ ಮುಂದೆ ಹಿಂದೆ ಅಂತರ ಬಿಡಬೇಕು, ವೇಗ ಹೆಚ್ಚಿದಷ್ಟೂ ಅಂತರ ಜಾಸ್ತಿ. ಇಷ್ಟಾಗಿ ಒಳಗೆ ಕೂತಿರೋದು ಸಾಮಾನ್ಯವಾಗಿ ಒಬ್ಬರೇ. ಸಿಗ್ನಲ್ಲಿನಲ್ಲಿ ಮೂರು ಕಾರು ನಿಲ್ಲುವಷ್ಟು ಉದ್ದಕ್ಕೆ ಒಂದು ಬಸ್ಸು ನಿಲ್ಲುತ್ತೆ. ಅದರೊಳಗೆ 60 ಜನ ಇರ್ತಾರೆ.

ಬಯಲಿನ ಹೆದ್ದಾರಿಯಲ್ಲಿ ಇದೊಂದು ಸಮಸ್ಯೆಯೇ ಅಲ್ಲ. ನಗರದ ನಡುಭಾಗದಲ್ಲಿ ಎರಡೂ ಬದಿ ಕಟ್ಟಡ. ರಸ್ತೆ ಎಲ್ಲಿಗೆ ಹಿಗ್ಗುತ್ತೆ? ಯಾರಾದರೂ ಕಾಯಲೇಬೇಕು. ಈಗಲೂ ನೀವು ಪುಕ್ಕಟೆ ಓಡಿಸ್ತಿಲ್ಲ ಸ್ವಾಮಿ. ದುಡ್ಡಿನ ಬದಲು ಜಾಮಿನಲ್ಲಿ ಕೂತು ಹೊತ್ತು ಕಟ್ಟುತ್ತಿದ್ದೀರಿ. ನಿಮ್ಮ ಹಿಂದಿನ ಬಸ್ಸಿನಲ್ಲಿ ನಿಂತಿರೋ 60 ಜನರ ಹೊತ್ತನ್ನೂ ಸೇರಿಸಿ ಕಟ್ಟುತ್ತಿದ್ದೀರಿ, ಅವರನ್ನು ಕೇಳದೆ.

ನಾಲ್ಕುಚಕ್ರ
ಹಿಗ್ಗಲ್ಲ ಅಂದ್ರೆ ಮೇಲ್ಸೇತುವೆ ಕಟ್ಟಿ, ಸುರಂಗ ತೋಡಿ. ಎಂಜಿನಿಯರುಗಳು ಇರೋದು ಯಾತಕ್ಕೆ?

ಮೂಲೆಮನೆ
ನಮ್ಮ ಮನೆ ಮುಂದಿನ ರಸ್ತೆ ಅಗಲ ಮಾಡಿದ ಕಥೆ ಹೇಳ್ತೀನಿ ಕೇಳಿ. ಎರಡು ಮರ ಹೋದವು. ಫುಟ್‌ಪಾತ್ ಹೋಯಿತು. ಈಗ ಗೇಟು ತೆಗೆದರೆ ನೇರ ಡಾಂಬರಿಗೇ ಕಾಲು. ಅಮ್ಮ ಹೊರಗೆ ಹೋಗುವಾಗ ಮೊದಲು ಕೈಚೀಲ ಆಚೆ ಚಾಚುತ್ತಾರೆ, ಯಾರಾದರೂ ಹಾರ್ನ್ ಹೊಡೆದರೆ ಒಳಗೆ ಎಳೆದುಕೊಳ್ಳುತ್ತಾರೆ, ಹೊಡೆಯದಿದ್ದರೆ ಇಳಿಯುತ್ತಾರೆ.

ಮೊದಲ ಆರು ತಿಂಗಳು ಗಾಡಿಗಳು ಸಲೀಸಾಗಿ ಹೋದವು. ಆಮೇಲೆ? ಮೊದಲು ಎರಡು ಸಾಲು ನಿಲ್ಲುತ್ತಿದ್ದವು, ಈಗ ನಾಲ್ಕು ಸಾಲು ನಿಲ್ಲುತ್ತವೆ. ಹಾರ್ನ್ ಮಾತ್ರ ಡಬಲ್.

ಲೆಕ್ಕದಮೇಷ್ಟ್ರು
ಇದು ನಿಮ್ಮ ಮನೆ ಮುಂದೆ ಮಾತ್ರ ಆಗಿದ್ದಲ್ಲಮ್ಮ. ಆಂಥನಿ ಡೌನ್ಸ್ ಅನ್ನೋ ಅರ್ಥಶಾಸ್ತ್ರಜ್ಞ 1962ರಲ್ಲೇ ಇದನ್ನು ಬರೆದಿದ್ದರು. ರಸ್ತೆ ಖಾಲಿಯಾದ ಸುದ್ದಿ ಸಿಕ್ಕಿದ ಕೂಡಲೇ ಬೇರೆ ದಾರಿಯವರು, ಬೇರೆ ಹೊತ್ತಿನವರು, ಬಸ್ಸಿನಲ್ಲಿ ಹೋಗುತ್ತಿದ್ದವರು ಎಲ್ಲ ಅಲ್ಲಿಗೇ ಬರ್ತಾರೆ. ಮತ್ತೆ ತುಂಬುತ್ತೆ. ಅಮೆರಿಕದ ನಗರಗಳ ಅಂಕಿ ಅಂಶ ಹಿಡಿದು ಡ್ಯುರಾಂಟನ್ ಮತ್ತು ಟರ್ನರ್ 2011ರಲ್ಲಿ ತೋರಿಸಿದ್ದೂ ಇದೇ. ಹೆದ್ದಾರಿಯ ಉದ್ದ ಎಷ್ಟು ಪಾಲು ಹೆಚ್ಚುತ್ತದೋ ಗಾಡಿಗಳ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಪಾಲು ಹೆಚ್ಚುತ್ತೆ.

ಹ್ಯೂಸ್ಟನ್‌ನ ಕೇಟಿ ಫ್ರೀವೇ ನೋಡಿ. 2008ರಲ್ಲಿ ಅಗಲ ಮಾಡಿ ಮುಗಿಸಿದರು. ಪಕ್ಕದ ರಸ್ತೆಗಳೂ ಸೇರಿ ಕೆಲವು ಕಡೆ 26 ಲೇನ್. 2011ರಿಂದ 2014ರೊಳಗೆ ಸಂಜೆಯ ಪ್ರಯಾಣದ ಸಮಯ ಅರ್ಧಕ್ಕಿಂತ ಜಾಸ್ತಿ ಏರಿತು.

ಹಳೇಗೇರ್
ಮೇಷ್ಟ್ರೇ, ಒಂದು ನಿಮಿಷ. ಆ 26 ಲೇನಿನಲ್ಲಿ ಮೊದಲಿಗಿಂತ ಜಾಸ್ತಿ ಜನ ಹೋಗ್ತಿದ್ದಾರಲ್ವಾ? ಕೆಲಸಕ್ಕೆ ಹೋಗ್ತಾರೆ, ವ್ಯಾಪಾರ ಮಾಡ್ತಾರೆ. ಅದು ಲಾಭ ಅಲ್ವಾ? ಜಾಮ್ ಒಂದನ್ನೇ ನೋಡಿ ರಸ್ತೆ ದಂಡ ಅನ್ನೋದು ಅರ್ಧ ಲೆಕ್ಕ.

ಲೆಕ್ಕದಮೇಷ್ಟ್ರು
ಒಪ್ಪಿದೆ. ರಸ್ತೆಯಿಂದ ಲಾಭ ಇದೆ. ಜಾಮ್ ಕಮ್ಮಿ ಮಾಡೋಕೆ ಅಂತ ಹೇಳಿ ಕಟ್ಟಬೇಡಿ ಅನ್ನೋದಷ್ಟೇ ನನ್ನ ತಕರಾರು.

ಕಡಲಾಚೆಯಕ್ಕ
ಸಿಂಗಪುರದಲ್ಲಿ 14 ವರ್ಷದಿಂದ ಇದ್ದೇನೆ. ಈ ವಿಷಯ ನನ್ನ ಬಿಟ್ಟು ನಡೆಯೋ ಹಾಗಿಲ್ಲ. 😀

ಇಲ್ಲಿ ಕಾರು ಕೊಳ್ಳಬೇಕಾದರೆ ಮೊದಲು ಅದನ್ನು ಇಟ್ಟುಕೊಳ್ಳುವ ಹಕ್ಕನ್ನು ಹರಾಜಿನಲ್ಲಿ ಕೊಳ್ಳಬೇಕು. ಸಿಒಇ ಅಂತಾರೆ. 1990ರಿಂದ ಇದೆ. ಅದರ ಆಯಸ್ಸು 10 ವರ್ಷ. ಆಮೇಲೆ ಮತ್ತೆ ದುಡ್ಡು ಕಟ್ಟಿ ಮುಂದುವರಿಸಿ, ಇಲ್ಲ ಗಾಡಿ ಬಿಡಿ. 2023ರಲ್ಲಿ ಸಣ್ಣ ಕಾರಿನ ಹಕ್ಕೇ 1 ಲಕ್ಷ ಸಿಂಗಪುರ ಡಾಲರ್ ದಾಟಿತು. ಗಮನಿಸಿ, ಅದು ಕಾರಿನ ಬೆಲೆ ಅಲ್ಲ. ಕಾರಿನ ದುಡ್ಡು ಬೇರೆ.

ಕಾರಣ ಕೇಳಿದರೆ ಇಲ್ಲಿನ ಸರ್ಕಾರ ಒಂದೇ ಅಂಕಿ ಹೇಳುತ್ತೆ. ದೇಶದ ನೆಲದಲ್ಲಿ 12 ಶೇಕಡಾ ಆಗಲೇ ರಸ್ತೆಗೆ ಹೋಗಿದೆ. ಮನೆ, ಶಾಲೆ, ನೀರಿನ ಕೆರೆ ಎಲ್ಲ ಉಳಿದದ್ದರಲ್ಲೇ ಆಗಬೇಕು. ಹಾಗಾಗಿ 2018ರ ಫೆಬ್ರವರಿಯಿಂದ ಕಾರುಗಳ ಬೆಳವಣಿಗೆ ದರ ಸೊನ್ನೆ. ಹಳೇ ಕಾರು ರಸ್ತೆ ಬಿಟ್ಟರೆ ಮಾತ್ರ ಹೊಸದಕ್ಕೆ ಜಾಗ.

ಇದರ ಮೇಲೆ ಇಆರ್‌ಪಿ. ರಸ್ತೆಗೆ ಅಡ್ಡಲಾಗಿ ಕಮಾನು ಇರುತ್ತೆ, ಅದರಡಿ ಹೋದರೆ ಕಾರಿನೊಳಗಿನ ಯಂತ್ರ ಬೀಪ್ ಅಂತ ದುಡ್ಡು ಕತ್ತರಿಸುತ್ತೆ. ಅರ್ಧರ್ಧ ಗಂಟೆಗೆ ದರ ಬೇರೆ. ದರ ಇಳಿಯೋಕೆ ಎರಡು ನಿಮಿಷ ಇದೆ ಅಂದರೆ ಕಮಾನಿಗೆ ಮುಂಚೆ ಕಾರುಗಳೆಲ್ಲ ಮದುವೆ ಮೆರವಣಿಗೆ ಥರ ನಿಧಾನ ಆಗೋದನ್ನು ನೋಡಬೇಕು ನೀವು. ನಮ್ಮ ಯಜಮಾನರು ಆ ಬೀಪ್ ಕೇಳಿದಾಗಲೆಲ್ಲ "ಹತ್ತು ನಿಮಿಷ ತಡೆದು ಹೊರಟಿದ್ದರೆ ಆಗ್ತಿರಲಿಲ್ವಾ" ಅನ್ನೋರು.

ಬಿಸಿಲುಕುದುರೆ
ನೋಡಿ, ನಾನು ಹೇಳಿದ್ದೇ. ದುಡ್ಡು.

ಓದುಗಮಿತ್ರ
ಅಕ್ಕಾ, ಒಂದು ಸಣ್ಣ ಸೇರ್ಪಡೆ. ಸಿಂಗಪುರ ಶುರು ಮಾಡಿದ್ದು 1990ರಲ್ಲಲ್ಲ, 1975ರ ಜೂನ್‌ನಲ್ಲಿ. ಯಂತ್ರ ಗಿಂತ್ರ ಇರಲಿಲ್ಲ. ದಿನಕ್ಕೆ 3 ಡಾಲರಿನ ಕಾಗದದ ಚೀಟಿ ಕೊಂಡು ಗಾಜಿಗೆ ಅಂಟಿಸಬೇಕಿತ್ತು, ಕಾವಲಿನವರು ರಸ್ತೆ ಬದಿ ನಿಂತು ಕಣ್ಣಲ್ಲೇ ನೋಡಿ ನಂಬರ್ ಬರೆದುಕೊಳ್ಳುತ್ತಿದ್ದರು. ನಾಲ್ಕು ಜನ ಇದ್ದ ಕಾರಿಗೆ ಚೀಟಿ ಬೇಡ. ಅದಕ್ಕೇ ಬಸ್‌ಸ್ಟಾಪಿನಿಂದ ಗುರುತು ಪರಿಚಯ ಇಲ್ಲದವರನ್ನೂ ಹತ್ತಿಸಿಕೊಂಡು ಹೋಗೋರು!

ಮೊದಲು ನಿರ್ಬಂಧ ಇದ್ದದ್ದು ಬೆಳಗ್ಗೆ 7:30ರಿಂದ 9:30. ಜನ ಏನು ಮಾಡಿದರು ಗೊತ್ತಾ? 9:30 ಆಗೋವರೆಗೆ ಕಾದು ಎಲ್ಲರೂ ಒಟ್ಟಿಗೆ ನುಗ್ಗಿದರು. ಸ್ವಲ್ಪ ದಿನದಲ್ಲೇ 10:15ರವರೆಗೆ ಎಳೆಯಬೇಕಾಯಿತು.

ಕಡಲಾಚೆಯಕ್ಕ
ಹೌದು, ನಾನು ಹೇಳಿದ್ದು ಸಿಒಇ ವಿಷಯ. ಚೀಟಿ ಕಾಲದ ಕಥೆ ಇಲ್ಲಿನ ಹಿರಿಯರು ಇನ್ನೂ ಹೇಳ್ತಾರೆ.

ಆದರೆ ನನಗೆ ಈ ಪದ್ಧತಿಯಲ್ಲಿ ಒಂದು ಕೊಂಕು ಕಾಣುತ್ತೆ. ಅಷ್ಟು ದುಡ್ಡು ಒಮ್ಮೆಗೇ ಸುರಿದ ಮೇಲೆ ಕಾರನ್ನು ಮನೆಯಲ್ಲಿ ನಿಲ್ಲಿಸೋಕೆ ಮನಸ್ಸು ಬರಲ್ಲ. ಪಕ್ಕದ ಬೀದಿಗೂ ಕಾರು. ಕೊಟ್ಟಿದ್ದು ವಸೂಲಾಗಬೇಕಲ್ಲ! ನಾವು ಹಾಗೇ ಮಾಡಿದೆವು. 10 ವರ್ಷ ಮುಗಿದಾಗ ಲೆಕ್ಕ ಹಾಕಿ ಕಾರು ಬಿಟ್ಟೆವು. ಈಗ ರೈಲು, ಬೇಕಾದಾಗ ಟ್ಯಾಕ್ಸಿ.

ನಾಲ್ಕುಚಕ್ರ
ಅಂದ್ರೆ ಸಾಹುಕಾರನಿಗೆ ರಸ್ತೆ, ಉಳಿದವರಿಗೆ ರೈಲು. ಇದನ್ನೇ ನಾನು ಹೇಳ್ತಿರೋದು.

ಚಂದ್ರಹಾಸ
ಸಾಹುಕಾರ ಬಡವ ಅನ್ನೋ ಭೇದ ಬೇಡ ಅಂತಲೇ ಬೀಜಿಂಗ್ ಲಾಟರಿ ಮಾಡಿತು. 2011ರಲ್ಲಿ ಶುರು. ವರ್ಷಕ್ಕೆ 2,40,000 ನಂಬರ್ ಪ್ಲೇಟು, ಆಮೇಲೆ ಅದನ್ನೂ 1 ಲಕ್ಷಕ್ಕೆ ಇಳಿಸಿದರು. ಅರ್ಜಿ ಹಾಕಿದ ಸಾವಿರ ಜನರಲ್ಲಿ ಒಬ್ಬರಿಗೂ ಸಿಗದ ಹಾಗಾಯಿತು. ಗಂಡ ಹೆಂಡತಿ ನಡುವೆ ಪ್ಲೇಟು ವರ್ಗಾಯಿಸಬಹುದು ಅಂತ ನಿಯಮ ಇತ್ತಲ್ಲ, ಪ್ಲೇಟಿಗೋಸ್ಕರ ಮದುವೆ, ಕೆಲಸ ಆದ ಮೇಲೆ ವಿಚ್ಛೇದನ!

ಶಾಂಘೈ 1990ರ ದಶಕದಿಂದಲೇ ಹರಾಜು ಹಿಡಿದುಕೊಂಡಿದೆ. ಅಲ್ಲಿ ದುಡ್ಡಿದ್ದವನು, ಇಲ್ಲಿ ಅದೃಷ್ಟ ಇದ್ದವನು. ಎರಡರಲ್ಲಿ ಯಾವುದು ನ್ಯಾಯ ನೀವೇ ಹೇಳಿ.

ಹಳೇಗೇರ್
ಲಾಟರಿಯಲ್ಲಿ ಅವಸರ ಇದ್ದವನಿಗೂ ಶೋಕಿ ಮಾಡೋನಿಗೂ ಒಂದೇ ಚೀಟಿ. ಅದು ಸಮಾನತೆ ಇರಬಹುದು, ನ್ಯಾಯ ಅಲ್ಲ.

ಬಸ್ಸಿಗೆಕಾದವ
ಸಮ-ಬೆಸ ಸರಿ ಅಲ್ವಾ ಹಾಗಾದರೆ? ದೆಹಲಿಯಲ್ಲಿ 2016ರ ಜನವರಿಯಲ್ಲಿ 15 ದಿನ ಮಾಡಿದ್ದರು. ಒಂದು ದಿನ ಸಮ ಸಂಖ್ಯೆ, ಮರುದಿನ ಬೆಸ. ಬಡವ ಬಲ್ಲಿದ ಎಲ್ಲರೂ ಒಂದೇ.

ಓದುಗಮಿತ್ರ
15 ದಿನಕ್ಕೆ ಸರಿ. ವರ್ಷಗಟ್ಟಲೆ ಇಟ್ಟರೆ ಜನ ದಾರಿ ಕಂಡುಕೊಳ್ತಾರೆ. ಮೆಕ್ಸಿಕೊ ಸಿಟಿಯಲ್ಲಿ 1989ರಲ್ಲಿ ತಂದರು, ವಾರಕ್ಕೊಂದು ದಿನ ನಿಮ್ಮ ನಂಬರಿಗೆ ರಜ. ಹೊಗೆ ಕಮ್ಮಿ ಮಾಡೋದು ಉದ್ದೇಶ. ನೀವು ಚಾಪೆ ಕೆಳಗೆ ತೂರಿದರೆ ನಾವು ರಂಗೋಲಿ ಕೆಳಗೆ ಅಂತ ಜನ ಬೇರೆ ನಂಬರಿನ ಇನ್ನೊಂದು ಕಾರು ಕೊಂಡರು. ಎರಡನೇ ಕಾರು ಅಂದರೆ ಯಾವುದು? ಅಗ್ಗದ್ದು, ಹಳೇದು, ಹೊಗೆ ಉಗುಳೋದು. ಲ್ಯೂಕಾಸ್ ಡೇವಿಸ್ ಅನ್ನೋ ಅರ್ಥಶಾಸ್ತ್ರಜ್ಞ 2008ರಲ್ಲಿ ಗಾಳಿಯ ದಾಖಲೆಗಳನ್ನೆಲ್ಲ ಜಾಲಾಡಿ, ಗಾಳಿ ಸುಧಾರಿಸಿದ್ದಕ್ಕೆ ಪುರಾವೆ ಇಲ್ಲ ಅಂದರು.

ದೆಹಲಿಯಲ್ಲೂ ಸ್ಕೂಟರು, ಬೈಕುಗಳಿಗೆ ವಿನಾಯಿತಿ ಇತ್ತು ಅನ್ನೋದು ಮರೀಬೇಡಿ.

ನಾಲ್ಕುಚಕ್ರ
ಧನ್ಯವಾದ. ನನ್ನ ಪರವಾಗಿ ಕೊನೆಗೂ ಒಬ್ಬರು.

ಓದುಗಮಿತ್ರ
ನಿಮ್ಮ ಪರ ಅಲ್ಲ ಅಣ್ಣ. ನಂಬರ್ ಆಟ ಕೆಟ್ಟದ್ದು ಅಂದೆ ಅಷ್ಟೇ.

ಮಿಂಚುಳ್ಳಿ
ಇಷ್ಟೆಲ್ಲ ತಲೆ ಯಾಕೆ ಕೆಡಿಸಿಕೊಳ್ತೀರಿ? ಎಲ್ಲ ಎಲೆಕ್ಟ್ರಿಕ್ ಆಗ್ತಿದೆ. ಹತ್ತು ವರ್ಷದಲ್ಲಿ ಈ ಚರ್ಚೆಯೇ ಇರಲ್ಲ.

ಮೂಲೆಮನೆ
ಎಲೆಕ್ಟ್ರಿಕ್ ಕಾರುಗಳು ನಮ್ಮ ಮನೆ ಮುಂದೆ ನಾಲ್ಕು ಸಾಲಲ್ಲದೆ ಐದು ಸಾಲು ನಿಲ್ಲುತ್ತವೆಯೇ?

ಲೆಕ್ಕದಮೇಷ್ಟ್ರು
ಹೊಗೆ ಹೋಗುತ್ತೆ, ಜಾಗ ಹೋಗಲ್ಲ. ಟೈರು, ಬ್ರೇಕು ಸವೆದು ಬರೋ ದೂಳೂ ಪೂರ್ತಿ ಹೋಗಲ್ಲ. ಲಂಡನ್ನಿನಲ್ಲಿ ನಗರದ ನಡುಭಾಗಕ್ಕೆ ಬರೋ ಗಾಡಿಗಳು ದಟ್ಟಣೆ ಶುಲ್ಕ ಕಟ್ಟಬೇಕು, ಎಲೆಕ್ಟ್ರಿಕ್ ಕಾರಿಗೆ ಅದರಿಂದ ಪೂರ್ತಿ ವಿನಾಯಿತಿ ಇತ್ತು. 2025ರ ಡಿಸೆಂಬರಿಗೆ ಅದು ಮುಗೀತು. ಎಲ್ಲರೂ ವಿನಾಯಿತಿ ತಗೊಂಡರೆ ದಟ್ಟಣೆ ಶುಲ್ಕಕ್ಕೆ ಅರ್ಥ ಏನು?

ಹೊಗೆಗೆ ಅಲ್ಲಿ ಬೇರೆಯೇ ಶುಲ್ಕ ಇದೆ, ಯುಲೆಜ್ ಅಂತ. ಹಳೇ ಗಾಡಿಗಳಿಗೆ ದಿನಕ್ಕೆ 12.50 ಪೌಂಡ್. ಎರಡನ್ನೂ ಕಲಸಿ ಮಾತಾಡೋದರಿಂದಲೇ ಅರ್ಧ ಗೊಂದಲ. ನಗರಗಳು ಕಾರು ತಡೆಯೋದು ಮೂರು ಬೇರೆ ಬೇರೆ ನೋವಿಗೆ: ಜಾಗ, ಗಾಳಿ, ಅಪಘಾತ. ಒಂದೇ ಮಾತ್ರೆ ಮೂರಕ್ಕೂ ಆಗಲ್ಲ.

ಚಂದ್ರಹಾಸ
ವಿಷಯ ಬಿಟ್ಟು ಒಂದು ಮಾತು. ಗಾಡಿ ತಡೆದವರಲ್ಲಿ ಜೂಲಿಯಸ್ ಸೀಸರ್ ಹಳಬ. ರೋಮಿನೊಳಗೆ ಹಗಲು ಹೊತ್ತು ಗಾಡಿ ಬರಬಾರದು ಅಂತ ಅವನ ಕಾಲದಲ್ಲೇ ಕಾನೂನು ಇತ್ತು. ದೇವಸ್ಥಾನ ಕಟ್ಟುವ ಸಾಮಾನಿನ ಗಾಡಿಗೆ ವಿನಾಯಿತಿ. ಪರಿಣಾಮ, ರಾತ್ರಿಯಿಡೀ ಚಕ್ರದ ಗಡಗಡ ಸದ್ದಿಗೆ ನಿದ್ದೆ ಇಲ್ಲ ಅಂತ ಜನ ಗೊಣಗಿದರು.

ಓದುಗಮಿತ್ರ
ಹಾಗಾದರೆ ಬರ್ಮುಡಾ ದ್ವೀಪಾನೂ ಸೇರಿಸಿ. 1908ರಿಂದ 1946ರವರೆಗೆ ಖಾಸಗಿ ಕಾರೇ ನಿಷೇಧ. ಈಗಲೂ ಒಂದು ಮನೆಗೆ ಒಂದೇ ಕಾರು.

ಬಸ್ಸಿಗೆಕಾದವ
ಒಂದು ಮನೆಗೆ ಒಂದು ಅಂದರೆ ನಮ್ಮ ಮನೇಲಿ ಅಣ್ಣ ತಮ್ಮ ಬೇರೆ ಬೇರೆ ಮನೆ ಮಾಡ್ತಾರೆ ಅಷ್ಟೇ.

ಪಾನಾಪೆಟ್ಟಿಗೆ
ನಾನು ನಲ್ಲಿ ರಿಪೇರಿ ಕೆಲಸದವನು. ಇಲ್ಲಿ ಎಲ್ಲ ದೊಡ್ಡ ದೊಡ್ಡ ಲೆಕ್ಕ ಹೇಳ್ತಿದ್ದೀರಿ, ನನ್ನದೂ ಕೇಳಿ. ಗಾಡಿಯಲ್ಲಿ ಪೈಪು, ಕಟರ್, ಡ್ರಿಲ್, ಏಣಿ. ಇದನ್ನು ಹೊತ್ಕೊಂಡು ಮೆಟ್ರೋ ಹತ್ತೋಕಾಗುತ್ತಾ? ದಿನಕ್ಕೆ ನಾಲ್ಕು ಮನೆ ಮುಗಿಸಿದರೆ ಲಾಭ. ಜಾಮಿನಿಂದ ಮೂರೇ ಆಗುತ್ತೆ. ಪಾರ್ಕಿಂಗ್ ಹುಡುಕಿ ಸುತ್ತೋದರಲ್ಲಿ ಇನ್ನರ್ಧ ಗಂಟೆ ಹೋಗುತ್ತೆ. ಸುಮ್ನೆ ಗೆಳೆಯನ ಜೊತೆ ಹರಟೆಗೆ ಬಂದವನ ಕಾರು ಬೆಳಗ್ಗೆಯಿಂದ ಸಂಜೆವರೆಗೆ ನಿಂತಿರುತ್ತೆ. ನಾನು ಏಣಿ ಹೆಗಲ ಮೇಲಿಟ್ಟು ಎರಡು ಬೀದಿ ನಡೀತೀನಿ.

ಶುಲ್ಕ ಹಾಕಿದರೆ ನಾನು ಕಟ್ತೀನಿ. ನಾಲ್ಕನೇ ಮನೆ ಸಿಕ್ಕಿದರೆ ಅದು ಹುಟ್ಟುತ್ತೆ. ಆದರೆ ರಸ್ತೆ ನಿಜವಾಗಿ ಖಾಲಿ ಆಗಬೇಕು. ಶುಲ್ಕನೂ ಕಟ್ಟಿ ಜಾಮಿನಲ್ಲೂ ಕೂರೋದು ನನ್ನಿಂದಾಗಲ್ಲ.

ಹಳೇಗೇರ್
ಇಡೀ ಚರ್ಚೆಯಲ್ಲಿ ಕೆಲಸಕ್ಕೆ ಬರೋ ಮೊದಲ ಮಾತು. ಕಾರು ಅಂದ ಕೂಡಲೇ ಎಲ್ಲರನ್ನೂ ಒಂದೇ ಗುಂಪಿಗೆ ಸೇರಿಸ್ತೀವಿ.

ಲೆಕ್ಕದಮೇಷ್ಟ್ರು
ಪಾರ್ಕಿಂಗ್ ಮಾತು ಬಂದಿದ್ದು ಒಳ್ಳೇದಾಯಿತು. ಕಾರು ತನ್ನ ಆಯಸ್ಸಿನ ಸುಮಾರು 95 ಶೇಕಡಾ ಹೊತ್ತು ನಿಂತೇ ಇರುತ್ತೆ ಅಂತ ಡೊನಾಲ್ಡ್ ಶೂಪ್ ಅನ್ನೋ ಪ್ರಾಧ್ಯಾಪಕರು ಜೀವನ ಪೂರ್ತಿ ಹೇಳಿಕೊಂಡು ಬಂದರು. ಓಡೋ ಕಾರಿನ ಮೇಲೆ ಕಣ್ಣಿಡೋ ಬದಲು ನಿಂತ ಕಾರಿಗೆ ಬೆಲೆ ಹಾಕಿ ಅನ್ನೋದು ಅವರ ವಾದ.

ಜಪಾನ್ ಇದನ್ನು 1962ರಲ್ಲೇ ಕಾನೂನು ಮಾಡಿತು. ಕಾರು ನೋಂದಣಿಗೆ ಹೋದರೆ ಮೊದಲು ನಿಲ್ಲಿಸೋ ಜಾಗ ತೋರಿಸಿ, ಪೊಲೀಸರಿಂದ ಪತ್ರ ತನ್ನಿ. ಆ ಜಾಗ ಮನೆಯಿಂದ 2 ಕಿಲೋಮೀಟರ್ ಒಳಗೆ ಇರಬೇಕು. ರಾತ್ರಿ ರಸ್ತೆಯಲ್ಲಿ ಬಿಡೋ ಹಾಗಿಲ್ಲ. ಹರಾಜಿಲ್ಲ, ಲಾಟರಿಯಿಲ್ಲ. ನಿನ್ನ ವಸ್ತು ನಿನ್ನ ಜಾಗದಲ್ಲಿಡು, ಅಷ್ಟೇ.

ನಾಲ್ಕುಚಕ್ರ
ಇದು ಪರವಾಗಿಲ್ಲ. ಇದನ್ನು ಒಪ್ಪಬಹುದು. ನನಗೆ ಗ್ಯಾರೇಜ್ ಇದೆ ಅನ್ನೋದು ಬೇರೆ ವಿಷಯ. 😅

ಅಪ್ಪನಮಗ
ನನ್ನ ಪ್ರಶ್ನೆ ಬೇರೆ. ಅಪ್ಪ ಗಾಲಿಕುರ್ಚಿಯಲ್ಲಿದ್ದಾರೆ. ವಾರಕ್ಕೆ ಮೂರು ಸಲ ಡಯಾಲಿಸಿಸ್. ಕಾರು ಬಿಟ್ಟರೆ ನಮಗೆ ಗತಿಯಿಲ್ಲ. ಸಮ-ಬೆಸ ಬಂದರೆ ರಕ್ತ ಶುದ್ಧಿಗೂ ಸಮ-ಬೆಸವಾ?

ಓದುಗಮಿತ್ರ
ಲಂಡನ್ನಿನಲ್ಲಿ ಬ್ಲೂ ಬ್ಯಾಡ್ಜ್ ಇದ್ದ ಅಂಗವಿಕಲರು ನೋಂದಣಿ ಮಾಡಿಸಿಕೊಂಡರೆ ದಿನದ ಶುಲ್ಕ ಇಲ್ಲ. ನ್ಯೂಯಾರ್ಕ್ 2025ರ ಜನವರಿ 5ರಿಂದ 9 ಡಾಲರ್ ವಸೂಲಿ ಶುರು ಮಾಡಿತಲ್ಲ, ಅಲ್ಲೂ ಅಂಗವಿಕಲರಿಗೆ ವಿನಾಯಿತಿ ಇದೆ. ಕಡಿಮೆ ಆದಾಯದವರಿಗೆ ತಿಂಗಳಲ್ಲಿ ಹತ್ತು ಸಲ ಆದಮೇಲೆ ಅರ್ಧ ದರ. ಒಂದು ರೀತಿ ನೋಡಿದರೆ ನಿಮ್ಮಂಥವರಿಗೆ ರಸ್ತೆ ಬಿಡಿಸಿಕೊಡೋದೇ ಇದರ ಉದ್ದೇಶ ಆಗಬೇಕು.

ಅಪ್ಪನಮಗ
ಆಗಬೇಕು ಸರಿ. ಆ ಬ್ಯಾಡ್ಜಿಗೆ ಎಷ್ಟು ಸಲ ಅಲೆಯಬೇಕು ಅನ್ನೋದೂ ಮುಖ್ಯ. ಒಂದು ಪ್ರಮಾಣಪತ್ರಕ್ಕೆ ಅಪ್ಪನನ್ನು ಎತ್ತಿಕೊಂಡು ಎರಡನೇ ಮಹಡಿ ಹತ್ತಿದವನು ನಾನು. ಲಿಫ್ಟ್ ಕೆಟ್ಟಿತ್ತು.

ಬಿಸಿಲುಕುದುರೆ
ಯಾರೂ ನನ್ನ ಮಾತಿಗೆ ಉತ್ತರ ಕೊಡಲಿಲ್ಲ. ವಸೂಲಾದ ದುಡ್ಡು ಎಲ್ಲಿಗೆ ಹೋಗುತ್ತೆ?

ಲೆಕ್ಕದಮೇಷ್ಟ್ರು
ಇದು ಸರಿಯಾದ ಪ್ರಶ್ನೆ. ಮೊದಲೇ ಹೀಗೆ ಕೇಳಬಾರದಿತ್ತೇ! ಲಂಡನ್ ಶುರು ಮಾಡಿದ್ದು 2005ರಲ್ಲಿ, 5 ಪೌಂಡಿನಿಂದ. ಉಳಿದ ಹಣ ಸಾರಿಗೆಗೇ ಹೋಗಬೇಕು ಅಂತ ಕಾನೂನಿನಲ್ಲೇ ಬರೆದರು. ಶುರುವಾದ ದಿನವೇ 300 ಹೆಚ್ಚುವರಿ ಬಸ್ಸು ರಸ್ತೆಗಿಳಿಸಿದರು. ಕಾರಿನವನ ಕೈಗೆ ಬಿಲ್ಲು, ಜೊತೆಗೇ ಬಸ್ಸು.

ಓದುಗಮಿತ್ರ
2003, ಮೇಷ್ಟ್ರೇ. ಫೆಬ್ರವರಿ 17.

ಲೆಕ್ಕದಮೇಷ್ಟ್ರು
ಹೌದು ಹೌದು, 2003. 2005ರಲ್ಲಿ 8 ಪೌಂಡ್ ಆಯಿತು, ಅದು ತಲೆಯಲ್ಲಿತ್ತು. ಈಗ 18.

ಬಿಸಿಲುಕುದುರೆ
5ರಿಂದ 18. ಹೇಳಿದ್ನಲ್ಲ.

ಚಂದ್ರಹಾಸ
ನನಗೆ ಹಿಡಿಸಿದ್ದು ಸ್ಟಾಕ್‌ಹೋಮ್ ದಾರಿ. ಮೊದಲು ಮತ ಕೇಳಲಿಲ್ಲ. 2006ರ ಜನವರಿಯಿಂದ ಜುಲೈವರೆಗೆ ಏಳು ತಿಂಗಳು, ನಗರದ ನಡುಭಾಗದ ಸುತ್ತ ಗಡಿ ಗುರುತಿಸಿ ದಾಟೋ ಗಾಡಿಗೆ ಶುಲ್ಕ ಹಾಕಿ ತೋರಿಸಿದರು. ಆ ಗಡಿ ದಾಟೋ ವಾಹನ ಸುಮಾರು 20 ಶೇಕಡಾ ಇಳಿಯಿತು. ಶುರುವಿನಲ್ಲಿ ಬಹಳ ಜನ ಬೈದರು. ಜುಲೈ ಮುಗಿದು ನಿಲ್ಲಿಸಿದ ಮೇಲೆ ಗಾಡಿಗಳು ವಾಪಸ್ ಬಂದವು. ಸೆಪ್ಟೆಂಬರಿನಲ್ಲಿ ಮತ ಹಾಕಿಸಿದರೆ ನಗರದವರು ಬೇಕು ಅಂದರು. 2007ರ ಆಗಸ್ಟಿನಿಂದ ಕಾಯಂ.

ಎಡಿನ್‌ಬರೋ 2005ರಲ್ಲಿ, ಮ್ಯಾಂಚೆಸ್ಟರ್ 2008ರಲ್ಲಿ ಮಾಡಿ ತೋರಿಸದೆ ಮೊದಲೇ ಮತ ಕೇಳಿದವು. ಎರಡೂ ಕಡೆ ಮುಕ್ಕಾಲು ಪಾಲಿನಷ್ಟು ಜನ ಬೇಡ ಅಂದರು. ಅಲ್ಲಿಗೆ ಮುಗೀತು.

ಮೂಲೆಮನೆ
ಸ್ಟಾಕ್‌ಹೋಮಿನ ಪಕ್ಕದ ಪಟ್ಟಣದವರು ಏನಂದರು? ಅವರು ಕೆಲಸಕ್ಕೆ ನಗರಕ್ಕೇ ಬರಬೇಕಲ್ಲ.

ಚಂದ್ರಹಾಸ
ಒಳ್ಳೇ ಪ್ರಶ್ನೆ. ಮತ ಹಾಕಿಸಿದ ಸುತ್ತಲಿನ ಊರುಗಳಲ್ಲಿ ಬೇಡ ಅನ್ನೋದೇ ಹೆಚ್ಚಾಗಿತ್ತು. ಒಳಗಿನವರಿಗೆ ಶಾಂತ ಬೀದಿ, ಹೊರಗಿನವರಿಗೆ ಬಿಲ್ಲು. ಆ ಕೊರಗು ಸುಳ್ಳಲ್ಲ.

ನಾಲ್ಕುಚಕ್ರ
ನಾನು ಹೊರಗಿನವನೇ. ಅದಕ್ಕೇ ನನಗೆ ಉರಿಯೋದು. ನಗರದೊಳಗೆ ಬಾಡಿಗೆ ಕಟ್ಟೋಕಾಗದೆ ದೂರ ಹೋದವನು ನಾನು. ನಮ್ಮ ಬಡಾವಣೆಗೆ ಕೊನೇ ಬಸ್ಸು ರಾತ್ರಿ ಎಂಟೂವರೆಗೆ. ಕೆಲಸ ಮುಗಿಯೋದು ಒಂಬತ್ತಕ್ಕೆ. ಇದನ್ನು ಸರಿ ಮಾಡಿ ಆಮೇಲೆ ಶುಲ್ಕ ಹಾಕಿ, ಕಟ್ಟೋಣ. ಮೊದಲು ಶುಲ್ಕ, ಬಸ್ಸು ಆಮೇಲೆ ನೋಡೋಣ ಅಂದರೆ ನನ್ನ ಉತ್ತರ ಮೊದಲಿನದೇ.

ಬಸ್ಸಿಗೆಕಾದವ
ಇದನ್ನು ಮೊದಲನೇ ಸಾಲಿನಲ್ಲೇ ಬರೆದಿದ್ದರೆ ನಾವ್ಯಾರೂ ಬಯ್ತಿರಲಿಲ್ಲ ಗುರು.

ಲೆಕ್ಕದಮೇಷ್ಟ್ರು
ನಿಮ್ಮ ಒಂಬತ್ತು ಗಂಟೆಯ ಮಾತು ಒಪ್ಪಿದೆ. ಅಷ್ಟು ಹೊತ್ತಿಗೆ ರಸ್ತೆ ಖಾಲಿ ಇರುತ್ತೆ, ಶುಲ್ಕವೂ ಇರಬಾರದು. ಸ್ಟಾಕ್‌ಹೋಮಿನಲ್ಲಿ ಆ ವರ್ಷ ಸಂಜೆ ಆರೂವರೆಗೇ ವಸೂಲಿ ಮುಗಿಯುತ್ತಿತ್ತು. ಬೆಳಗ್ಗೆ ಬರುವಾಗ ಮಾತ್ರ ನಿಮಗೂ ನನಗೂ ಜಗಳ ಇದ್ದೇ ಇದೆ.

ಪಾನಾಪೆಟ್ಟಿಗೆ
ಏಣಿಗೆ ವಿನಾಯಿತಿ ಕೊಡೋ ನಗರ ಯಾವುದಾದರೂ ಇದ್ದರೆ ತಿಳಿಸಿ.

ನಾಲ್ಕುಚಕ್ರ
ನಿಜ ಹೇಳಲಾ? ಇದನ್ನೆಲ್ಲ ಓದಿದ್ದು ಕಾರಿನಲ್ಲೇ ಕೂತು. ಪಾರ್ಕಿಂಗ್ ಸಿಗದೆ ಒಂದೇ ಬೀದಿ ಮೂರು ಸುತ್ತು ಹಾಕಿ, ಯಾರಾದರೂ ಗಾಡಿ ತೆಗೀತಾರಾ ಅಂತ ಕಾಯ್ತಾ ನಿಂತಿದ್ದೇನೆ. ಇಪ್ಪತ್ತು ನಿಮಿಷ ಆಯಿತು. ಅಕ್ಕಾ, ಆ ಬೀಪ್ ಸದ್ದು ಎಷ್ಟು ಜೋರಿರುತ್ತೆ?

ಕಡಲಾಚೆಯಕ್ಕ
ಜೋರೇನಿಲ್ಲ ತಮ್ಮ. ಆದರೆ ಪಕ್ಕದ ಸೀಟಿನಲ್ಲಿ ಕೂತವರಿಗೆ ಚೆನ್ನಾಗಿ ಕೇಳಿಸುತ್ತೆ.